ಗ್ರಾಮ ಪಂಚಾಯಿತಿಗೆ ಸ್ಪರ್ಧಿಸುವ ಮಹಿಳೆ ಪೂರ್ವಗ್ರಹಗಳನ್ನು ಎದುರಿಸುವುದು ಹೇಗೆ?

ಕರ್ನಾಟಕದ ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳಾ ಮೀಸಲಾತಿ ಬಹಳ ಮೊದಲೇ ಬಂತು. 1983ರ ರಾಜ್ಯ ಪಂಚಾಯಿತಿ ಕಾಯ್ದೆಯಲ್ಲಿಯೇ ಶೇಕಡ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಕಾದಿರಿಸಲಾಗಿತ್ತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯು ಮೂರನೇ ಒಂದು ಭಾಗವನ್ನು ಕಡ್ಡಾಯಗೊಳಿಸಿತು, 2010ರಲ್ಲಿ ರಾಜ್ಯವು ಅದನ್ನು ಅರ್ಧಕ್ಕೆ ಏರಿಸಿತು. ಆದರೆ ಮಹಿಳಾ ಮೀಸಲಾತಿಯಿಲ್ಲದೆ ನಡೆದ 2023ರ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಗೆದ್ದ ಮಹಿಳೆಯರು 10 ಮಂದಿ ಮಾತ್ರ. ಸ್ಥಾನವನ್ನು ಕಾನೂನು ಕಾದಿರಿಸಬಹುದು, ಹೆಣ್ಣಿನ ಸಾಮರ್ಥ್ಯದ ಬಗ್ಗೆ ಊರಿಗಿರುವ ಅಳತೆಗೋಲನ್ನು ಅಭ್ಯರ್ಥಿಯೇ ಎದುರಿಸಬೇಕಾಗುತ್ತದೆ. ಈ ಬರಹ ಅಂಥ ಅಭ್ಯರ್ಥಿಗೂ ಆಕೆಗಾಗಿ ದುಡಿಯುವವರಿಗೂ ಉದ್ದೇಶಿಸಿದ್ದು.

ನಾಮಪತ್ರ ಸಲ್ಲಿಸುವ ಮೊದಲೇ ನಿಮಗೆ ಎದುರಾಗುವ ಪ್ರಶ್ನೆ, “ನಿಂತಿರೋದು ಯಾರ ಮನೆಯವರು?” ಎಂಬುದು. ಅಧಿಕಾರ ನಡೆಸುವುದು ಗಂಡನೇ, ಹೆಂಡತಿ ಸಹಿಗೆ ಮಾತ್ರ ಎಂಬ ಊಹೆ ಅದರ ಹಿಂದಿದೆ, ಮತ್ತು ಹಲವು ಪಂಚಾಯಿತಿಗಳಲ್ಲಿ ಆ ಊಹೆ ನಿಜವೂ ಆಗಿದೆ. ಆದುದರಿಂದ ಕರಪತ್ರದಲ್ಲಿ ನಿಮ್ಮ ಭಾವಚಿತ್ರವೊಂದೇ ಇರಲಿ, ಅದರಲ್ಲಿ ಕೊಡುವ ಮೊಬೈಲ್ ಸಂಖ್ಯೆ ನಿಮ್ಮದೇ ಆಗಿರಲಿ, ಆ ಕರೆಯನ್ನು ನೀವೇ ಸ್ವೀಕರಿಸಿ. ಮನೆಮನೆಗೆ ಹೋಗುವಾಗ ಪತಿಯೋ ಮೈದುನನೋ ಜೊತೆಯಲ್ಲಿದ್ದರೆ ತಪ್ಪಿಲ್ಲ, ಆದರೆ ಮೊದಲ ಮಾತು ನಿಮ್ಮದಾಗಿರಬೇಕು, ಮತದಾರರು ಕೇಳಿದ್ದಕ್ಕೆ ಉತ್ತರವನ್ನೂ ನೀವೇ ಕೊಡಬೇಕು. ಇದನ್ನು ಕುಟುಂಬದವರೊಡನೆ ಮೊದಲೇ ಕುಳಿತು ಮಾತನಾಡಿಕೊಳ್ಳಿ, ಏಕೆಂದರೆ ಪ್ರಚಾರದ ಗಡಿಬಿಡಿಯಲ್ಲಿ ಹಳೆಯ ರೂಢಿಯೇ ಮೇಲುಗೈ ಸಾಧಿಸುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಎರಡೂ ಕಡೆಯಿಂದ ಬಿಗಿಯುವ ಪೂರ್ವಗ್ರಹ. ಮೆಲುದನಿಯಲ್ಲಿ ಮಾತನಾಡಿದರೆ “ಪಾಪದ ಹೆಂಗಸು, ಅಧಿಕಾರಿಗಳನ್ನು ಹೇಗೆ ಎದುರಿಸಿಯಾಳು?” ಎನ್ನುತ್ತಾರೆ, ಖಚಿತವಾಗಿ ಮಾತನಾಡಿದರೆ “ಬಾಯಿ ಜೋರು, ಗಯ್ಯಾಳಿ” ಎನ್ನುತ್ತಾರೆ. ಅದೇ ಗಡಸು ಗಂಡಸಿನಲ್ಲಿ ಕಂಡರೆ ನಾಯಕತ್ವವೆನಿಸಿಕೊಳ್ಳುತ್ತದೆ. ಅಮ್ಮನಂತೆ, ಅಕ್ಕನಂತೆ ಕಾಣಿಸಿಕೊಂಡರೆ ಸಾಕು ಎಂದು ಅನೇಕರು ಸಲಹೆ ನೀಡುತ್ತಾರೆ. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ: ಅಮ್ಮನೆಂದು ಗೆದ್ದವಳು ಒತ್ತುವರಿ ತೆರವುಗೊಳಿಸಲು ಹೊರಟ ದಿನ ಅದೇ ಜನ ಅಮ್ಮ ಹೀಗೆ ಮಾಡಬಹುದೇ ಎಂದು ಕೇಳುತ್ತಾರೆ. ಗಂಡಸಿನ ಗತ್ತನ್ನು ಅನುಕರಿಸುವುದರಿಂದಲೂ ಪ್ರಯೋಜನವಿಲ್ಲ. ದನಿ ನಿಮಗೆ ಸಹಜವಾದದ್ದೇ ಇರಲಿ, ಗಟ್ಟಿತನ ವಿಷಯದಲ್ಲಿರಲಿ. ವಾರ್ಡಿನಲ್ಲಿ ಎಷ್ಟು ಬೀದಿದೀಪಗಳು ಕೆಟ್ಟಿವೆ, ಯಾವ ಓಣಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕಳೆದ ಕ್ರಿಯಾಯೋಜನೆಯಲ್ಲಿ ಸೇರಿದ್ದ ಯಾವ ಚರಂಡಿ ಇನ್ನೂ ಕಾಗದದಲ್ಲೇ ಉಳಿದಿದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕಚೇರಿಯ ದಾಖಲೆಗಳೊಂದಿಗೆ ತಾಳೆ ನೋಡಿ. ಅಂಕಿಅಂಶ ಹಿಡಿದು ಮಾತನಾಡುವವಳ ದನಿಯ ಏರಿಳಿತವನ್ನು ಟೀಕಿಸುವುದು ಸುಲಭವಲ್ಲ.

ಕುಡಿಯುವ ನೀರು, ಅಂಗನವಾಡಿ ಮಾತ್ರ ಹೆಂಗಸರ ವಿಷಯ, ರಸ್ತೆ ಕಾಮಗಾರಿ ಮತ್ತು ಲೆಕ್ಕಪತ್ರ ಗಂಡಸರ ವಿಷಯ ಎಂಬ ವಿಂಗಡಣೆಯನ್ನೂ ಒಪ್ಪಿಕೊಳ್ಳಬೇಡಿ. ನೀರಿನ ವಿಷಯವನ್ನು ಬಿಟ್ಟುಕೊಡುವ ಅಗತ್ಯವಿಲ್ಲ, ಅದು ಊರಿನ ಮೊದಲ ಅಗತ್ಯ. ಅದರ ಜೊತೆಗೆ ಹಣಕಾಸು ಆಯೋಗದ ಅನುದಾನ, ತೆರಿಗೆ ವಸೂಲಿ, ಬಿಲ್ ಪಾವತಿಯ ಕ್ರಮ ಇವುಗಳಲ್ಲಿ ಒಂದನ್ನಾದರೂ ಚೆನ್ನಾಗಿ ಕಲಿತು ಸಭೆಯಲ್ಲಿ ಪ್ರಸ್ತಾಪಿಸಿ.

ಚಾರಿತ್ರ್ಯದ ಮೇಲಿನ ಮಾತುಗಳು ಕಡೆಯ ಎರಡು ಮೂರು ದಿನಗಳಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹೆಚ್ಚುವ ಸಂಭವವಿದೆ. ಪ್ರತಿಯೊಂದಕ್ಕೂ ಸಮಜಾಯಿಷಿ ಕೊಡುತ್ತಾ ಹೋದರೆ ನಿಮ್ಮ ಪ್ರಚಾರವೆಲ್ಲ ಅದೇ ಆಗಿಬಿಡುತ್ತದೆ. ಒಮ್ಮೆ, ಸಾರ್ವಜನಿಕವಾಗಿ, ಚುಟುಕಾಗಿ ಅಲ್ಲಗಳೆದು ವಾರ್ಡಿನ ಕೆಲಸದ ಮಾತಿಗೆ ಮರಳಿ. ಆದರೆ ಸಹಿಸಿಕೊಂಡು ಸುಮ್ಮನಿರಬೇಕೆಂದು ಇದರ ಅರ್ಥವಲ್ಲ. ಸ್ಕ್ರೀನ್‌ಶಾಟ್, ಧ್ವನಿಮುದ್ರಿಕೆ, ದಿನಾಂಕ, ಕಳುಹಿಸಿದವರ ಸಂಖ್ಯೆ ಎಲ್ಲವನ್ನೂ ತೆಗೆದಿಟ್ಟು ಚುನಾವಣಾಧಿಕಾರಿಗೂ ಪೊಲೀಸರಿಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅಭ್ಯರ್ಥಿಯ ವೈಯಕ್ತಿಕ ನಡತೆಯ ಬಗ್ಗೆ ಫಲಿತಾಂಶದ ಮೇಲೆ ಪ್ರಭಾವ ಬೀರುವ ಉದ್ದೇಶದಿಂದ ಸುಳ್ಳು ಹೇಳಿಕೆ ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 175ನೇ ಕಲಮಿನಡಿ ಅಪರಾಧ, ಮಾತು ಅಥವಾ ಸನ್ನೆಯಿಂದ ಮಹಿಳೆಯ ಮಾನಕ್ಕೆ ಕುಂದು ತರುವುದು 79ನೇ ಕಲಮಿನಡಿ ಅಪರಾಧ.

ಗೆದ್ದ ನಂತರ ನಿಮ್ಮ ಕುರ್ಚಿಯಲ್ಲಿ ಬೇರೊಬ್ಬರು ಕೂರದಂತೆ ನೋಡಿಕೊಳ್ಳಿ, ಓದದ ಕಡತಕ್ಕೆ ಸಹಿ ಹಾಕಬೇಡಿ. ಇದು ನಿಮ್ಮೊಬ್ಬರ ಮರ್ಯಾದೆಗೆ ಸಂಬಂಧಿಸಿದ್ದಲ್ಲ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಒಂದೇ ಭಾಷಣವನ್ನು ಕೆಲವರಿಗೆ ಗಂಡಿನ ದನಿಯಲ್ಲಿ, ಕೆಲವರಿಗೆ ಹೆಣ್ಣಿನ ದನಿಯಲ್ಲಿ ಕೇಳಿಸಿ ಅಭಿಪ್ರಾಯ ಸಂಗ್ರಹಿಸಿದ್ದರು. ಮೀಸಲಾತಿಯ ಮೂಲಕ ಮಹಿಳೆಯ ಆಡಳಿತವನ್ನು ಎಂದೂ ಕಂಡಿರದ ಪಂಚಾಯಿತಿಗಳ ಗಂಡಸರು ಹೆಣ್ಣಿನ ದನಿಗೆ ಕಡಿಮೆ ಅಂಕ ಕೊಟ್ಟರು, ಕಂಡಿದ್ದ ಕಡೆ ಆ ಅಂತರ ಕುಗ್ಗಿತ್ತು. ಎರಡು ಅವಧಿಗಳ ಕಾಲ ಮೀಸಲಾಗಿದ್ದ ಪಂಚಾಯಿತಿಗಳಲ್ಲಿ, ಮೀಸಲಾತಿ ಹೋದ ಮೇಲೂ ಮಹಿಳೆಯರು ಸ್ಪರ್ಧಿಸಿ ಗೆಲ್ಲುವುದು ಹೆಚ್ಚಾಯಿತು.

ನಿಮ್ಮ ವಾರ್ಡಿನ ಮೀಸಲಾತಿಯೂ ಆವರ್ತನದಲ್ಲಿ ಬದಲಾಗುತ್ತದೆ, ಆಗ “ಇನ್ನು ಗಂಡಸರಿಗೆ ಬಿಟ್ಟುಕೊಡಿ” ಎಂಬ ಒತ್ತಡ ಬಂದೇ ಬರುತ್ತದೆ. ಸಾಮಾನ್ಯ ಸ್ಥಾನವೆಂದರೆ ಪುರುಷರ ಸ್ಥಾನವಲ್ಲ. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮನವರು ಮೀಸಲಾತಿಯ ನೆರವಿಲ್ಲದೆ ಏಳು ಬಾರಿ ಶಾಸಕಿಯಾಗಿ, 1972ರಿಂದ 1978ರವರೆಗೆ ವಿಧಾನಸಭಾಧ್ಯಕ್ಷರೂ ಆಗಿದ್ದರು. ಸಾಮಾನ್ಯ ಸ್ಥಾನದ ಸ್ಪರ್ಧೆಗೆ ಮೊದಲ ವರ್ಷದಿಂದಲೇ ಸಿದ್ಧರಾಗಿ: ಪ್ರತಿ ವಾರ್ಡ್ ಸಭೆಯ ನಡಾವಳಿಯ ಪ್ರತಿಯನ್ನು ಇಟ್ಟುಕೊಳ್ಳಿ, ಮುಗಿದ ಕಾಮಗಾರಿಯ ವೆಚ್ಚವನ್ನು ಆ ಓಣಿಯ ಜನರ ಮುಂದೆ ನೀವೇ ಓದಿ ಹೇಳಿ.