ಹಾಲಿನ ಜಾಗಕ್ಕೆ ಬಂದ ಸಕ್ಕರೆ

ನನ್ನ ಮಗಳಿಗೆ ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ. ಮೊಸರು, ತುಪ್ಪ, ಪನೀರ್ ಯಾವುದೂ ಆಗುವುದಿಲ್ಲ. ಎಮ್ಮೆ ಹಾಲು, ಆಡಿನ ಹಾಲಿನಲ್ಲೂ ಹೆಚ್ಚುಕಮ್ಮಿ ಅದೇ ಬಗೆಯ ಪ್ರೋಟೀನ್ ಇರುತ್ತದೆ, ಅವೂ ಬೇಡ ಎಂದರು ಡಾಕ್ಟರು. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಹಾಲು ಹೋದ ಜಾಗಕ್ಕೆ ಬಂದದ್ದೆಲ್ಲ ಸಿಹಿ. ವೆನಿಲ್ಲಾ ಸೋಯಾ ಹಾಲು, ಬಾದಾಮಿ ಡ್ರಿಂಕ್, ಹಾಲಿಲ್ಲದ ಬಿಸ್ಕತ್ತು. ಹಾಗಾಗಿ ಸಕ್ಕರೆ ಕಡಿಮೆ ಮಾಡಲು ಹೊರಟಾಗ ನಾನು ಮಿಠಾಯಿ ಡಬ್ಬಿಯ ಕಡೆ ನೋಡಲಿಲ್ಲ. ಮೊದಲು ಕೈ ಹಾಕಿದ್ದು ಈ ಬದಲಿ ಸಾಮಾನುಗಳಿಗೇ.

ಪ್ಯಾಕೆಟ್ ಹಿಂದೆ ಒಟ್ಟು ಸಕ್ಕರೆ ಬೇರೆ, ಸೇರಿಸಿದ ಸಕ್ಕರೆ ಬೇರೆ ಬರೆದಿರುತ್ತಾರೆ. ಒಂದು ಡ್ರಿಂಕಿನಲ್ಲಿ 100 ಮಿ.ಲೀ.ಗೆ 7 ಗ್ರಾಂ ಸೇರಿಸಿದ ಸಕ್ಕರೆ ಇದೆ ಅನ್ನಿ. 200 ಮಿ.ಲೀ. ಲೋಟದಲ್ಲಿ 14 ಗ್ರಾಂ ಆಯಿತು, ಅಂದರೆ ಮೂರೂವರೆ ಟೀ ಚಮಚ. ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಲಿ, ಶೇ. 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಸುಮಾರು 1000 ಕ್ಯಾಲೊರಿ ತಿನ್ನುವ ಮಗುವಿಗೆ ಆ ಶೇ. 5 ಅಂದರೆ ಮೂರು ಚಮಚ. ಒಂದೇ ಲೋಟದಲ್ಲಿ ಮುಗಿಯಿತು! ಎರಡು ವರ್ಷದ ಒಳಗಿನ ಮಕ್ಕಳಿಗಂತೂ ಸೇರಿಸಿದ ಸಕ್ಕರೆಯೇ ಬೇಡ ಅನ್ನುತ್ತಾರೆ ಮಕ್ಕಳ ಡಾಕ್ಟರುಗಳು.

ಸೋಯಾ ಹಾಲನ್ನು ಒಮ್ಮೆಗೇ ಬದಲಿಸಲಿಲ್ಲ. ಸಿಹಿಯದ್ದು ಮುಕ್ಕಾಲು, ಸಪ್ಪೆಯದ್ದು ಕಾಲು ಭಾಗ ಬೆರೆಸಿ ಕೊಟ್ಟೆ. ಅವಳು ತಕರಾರಿಲ್ಲದೆ ಕುಡಿದ ಮೇಲೆ ಅರ್ಧಕ್ಕರ್ಧ. ಆಮೇಲೆ ಪೂರ್ತಿ ಸಪ್ಪೆ. ಸಪ್ಪೆಯದ್ದು ಕೊಳ್ಳುವಾಗ ಕ್ಯಾಲ್ಸಿಯಂ ಸೇರಿಸಿದ್ದಾ ಅಂತಲೂ ನೋಡುತ್ತೇನೆ. ಬಾದಾಮಿ ಡ್ರಿಂಕ್ ನಿಲ್ಲಿಸಿಬಿಟ್ಟೆ. ಸಕ್ಕರೆ ಇಲ್ಲದಿದ್ದರೂ ಅದರಲ್ಲಿ ಪ್ರೋಟೀನ್ ತೀರಾ ಕಡಿಮೆ, ಬೆಳೆಯುವ ಮಗುವಿಗೆ ಹಾಲಿನ ಬದಲು ಸಾಲದು. ಓಟ್ಸ್ ಹಾಲು ಸಕ್ಕರೆ ಹಾಕದೆಯೂ ಸಿಹಿಯಾಗಿರುತ್ತದಲ್ವಾ? ತಯಾರಿಸುವಾಗ ಕಿಣ್ವಗಳು ಓಟ್ಸಿನ ಪಿಷ್ಟವನ್ನೇ ಒಡೆದು ಸಕ್ಕರೆ ಮಾಡುತ್ತವೆ. ಅದನ್ನು ಮನೆಗೇ ತರಲಿಲ್ಲ.

ಕಷ್ಟವಾದದ್ದು ರಾಗಿ ಮಣ್ಣಿ. ನಮ್ಮದು ಉಡುಪಿ ಕಡೆ. ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ, ತೆಂಗಿನ ಹಾಲು ಬೆಲ್ಲ ಹಾಕಿ ಕೈ ಬಿಡದೆ ಮಗುಚಬೇಕು. ದನದ ಹಾಲು ಬೇಕಿಲ್ಲದ ತಿಂಡಿ, ನಮಗೆ ವರವೇ. ಆದರೆ ಬೆಲ್ಲ? "ಬೆಲ್ಲ ಹಾಕಿದ್ರೆ ಏನಾಗ್ತದೆ? ನಾವೆಲ್ಲ ತಿಂದೇ ಬೆಳೆದದ್ದಲ್ವಾ" ಅಂದರು ಅತ್ತೆ. ಬೆಲ್ಲವೂ ಬಹುಪಾಲು ಸಕ್ಕರೆಯೇ ಅಂತ ಅವರ ಹತ್ತಿರ ವಾದಕ್ಕೆ ಇಳಿಯಲಿಲ್ಲ. "ನೀವೇ ಮಾಡಿ ಅತ್ತೆ, ಬೆಲ್ಲ ಮಾತ್ರ ಪ್ರತಿ ಸಲ ಸ್ವಲ್ಪ ಕಡಿಮೆ ಹಾಕಿ" ಅಂದೆ. ಬೆಲ್ಲ ಕಡಿಮೆಯಾದ ಜಾಗಕ್ಕೆ ನೀರು ಬೆರೆಸದ ದಪ್ಪ ತೆಂಗಿನ ಹಾಲು, ಚಿಟಿಕೆ ಏಲಕ್ಕಿ, ಒಲೆ ಆರಿಸಿದ ಮೇಲೆ ಚೆನ್ನಾಗಿ ಕಳಿತ ಏಲಕ್ಕಿ ಬಾಳೆಹಣ್ಣು ಕಿವುಚಿ ಹಾಕುವುದು. ಈಗ ಅತ್ತೆ ಬೆಲ್ಲದ ಡಬ್ಬಿಯನ್ನೇ ತೆಗೆಯುವುದಿಲ್ಲ. ಖರ್ಜೂರ ಹಾಕಿ ಅಂತ ತುಂಬ ಜನ ಹೇಳಿದರು. ಸಿರಪ್ ಬೇಡವೇ ಬೇಡ, ಹಣ್ಣನ್ನು ಅಪರೂಪಕ್ಕೆ ಹಾಕುತ್ತೇವೆ. ನಾಲಿಗೆ ಅಷ್ಟು ಸಿಹಿಗೆ ಒಗ್ಗಿಬಿಟ್ಟರೆ ಮತ್ತೆ ಮೊದಲಿಂದ ಶುರು ಮಾಡಬೇಕು.

ರಾಗಿ ಮುಂಬಯಿಯ ಮಾಟುಂಗದಿಂದ ಇಡೀ ಕಾಳೇ ತರುತ್ತೇನೆ. ಇಲ್ಲಿನ ಅಂಗಡಿಯಲ್ಲಿ ಮರಾಠಿಯಲ್ಲಿ ನಾಚಣಿ ಅಂತ ಕೇಳಿದರೂ ಕೊಡುತ್ತಾರೆ. ರೆಡಿ ರಾಗಿ ಮಾಲ್ಟ್ ಕೊಳ್ಳುವವರು ಪ್ಯಾಕೆಟ್ ತಿರುಗಿಸಿ ಓದಿ. ಹೆಚ್ಚು ಇರುವ ಪದಾರ್ಥ ಪಟ್ಟಿಯಲ್ಲಿ ಮೊದಲು ಬರುತ್ತದೆ. ಕೆಲವದರಲ್ಲಿ ರಾಗಿಗಿಂತ ಮೊದಲು ಸಕ್ಕರೆ ಇರುತ್ತದೆ, ಕೊನೆಯಲ್ಲಿ ಹಾಲಿನ ಪುಡಿಯೂ ಇರುತ್ತದೆ.

ಪಾಳಣಾಘರದಲ್ಲಿ, ಅಂದರೆ ಹಗಲು ಮಕ್ಕಳನ್ನು ನೋಡಿಕೊಳ್ಳುವಲ್ಲಿ, ಮಗು ಅತ್ತರೆ ಬಿಸ್ಕತ್ತು ಕೊಡುವ ಪದ್ಧತಿ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮಾವಶಿಗೆ ಬರೀ "ಕೊಡಬೇಡಿ" ಅಂದರೆ ಆಗುವುದಿಲ್ಲ, ಅವರ ಕೈಗೆ ಬೇರೆ ಏನಾದರೂ ಬೇಕು. ಬೇಯಿಸಿದ ಗೆಣಸಿನ ತುಂಡು, ಇಡ್ಲಿ, ತೆಂಗಿನತುರಿ ಸವರಿ ಸುತ್ತಿದ ನೀರುದೋಸೆ, ಮೆತ್ತಗೆ ಹಣ್ಣಾದ ಚಿಕ್ಕು ಡಬ್ಬಿಯಲ್ಲಿ ಕಳಿಸುತ್ತೇನೆ. ಶೇಂಗಾ, ಬಾದಾಮಿ ಇಡಿಯಾಗಿ ಕೊಡುವುದಿಲ್ಲ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಎಲ್ಲಕ್ಕಿಂತ ಜಾಸ್ತಿ ಸಕ್ಕರೆ ಬಂದದ್ದು ಕನಿಕರದಿಂದ. "ಪಾಪ, ಕೇಕ್ ಇಲ್ಲ, ಐಸ್‌ಕ್ರೀಮ್ ಇಲ್ಲ, ಇದಾದರೂ ತಿನ್ನಲಿ" ಅಂತ ಸೊಸೈಟಿಯ ಹುಟ್ಟುಹಬ್ಬಗಳಲ್ಲಿ ಜೆಲ್ಲಿ, ಲಾಲಿಪಾಪ್ ಕೈಗಿಡುತ್ತಾರೆ. ಅವುಗಳಲ್ಲಿ ಸಾಮಾನ್ಯವಾಗಿ ಹಾಲಿರುವುದಿಲ್ಲ ನಿಜ. ಅಲರ್ಜಿ ಅಂದರೆ ಜನ ಹೆದರಿ ಕೈ ಹಿಂದೆ ತೆಗೆಯುತ್ತಾರೆ, ಸಕ್ಕರೆ ಬೇಡ ಅಂದರೆ ನಗುತ್ತಾರೆ. ಅದಕ್ಕೇ ನಾನು ಎರಡನ್ನೂ ಸೇರಿಸಿ, "ನಾನು ಕೊಟ್ಟದ್ದು ಬಿಟ್ಟು ಬೇರೇನೂ ಆಗುವುದಿಲ್ಲ" ಅನ್ನುತ್ತೇನೆ. ಸುಳ್ಳೇನೂ ಅಲ್ಲವಲ್ಲ! ಪಾರ್ಟಿಗೆ ಹೋಗುವ ಮೊದಲು ಹೊಟ್ಟೆ ತುಂಬಿಸಿ ಕರೆದುಕೊಂಡು ಹೋಗುವುದೂ ಒಂದು ಉಪಾಯ.

ಇನ್ನೊಂದು, ಔಷಧಿ. ರಾಗಿಯೊಂದರಿಂದ ದಿನದ ಕ್ಯಾಲ್ಸಿಯಂ ತುಂಬುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಇದ್ದರೂ ಇಷ್ಟು ಚಿಕ್ಕ ಮಕ್ಕಳು ಒಂದು ಹೊತ್ತಿಗೆ ತಿನ್ನುವ ರಾಗಿ 30 ಗ್ರಾಂ ಇದ್ದರೆ ಹೆಚ್ಚು. ಡಾಕ್ಟರು ಕ್ಯಾಲ್ಸಿಯಂ ಸಿರಪ್ ಬರೆದರು. ಬಾಟಲಿಯಲ್ಲಿ ಅಂಟಂಟು ಸಕ್ಕರೆ ಪಾಕ. ಸಕ್ಕರೆ ಇಲ್ಲದ್ದು ಇದೆಯಾ ಅಂತ ಕೇಳಿದ್ದಕ್ಕೆ ಅವರೇ ಬದಲಿಸಿ ಬರೆದುಕೊಟ್ಟರು. ಈಗ ಜ್ವರದ ಔಷಧಿಗೂ ಅದನ್ನೇ ಕೇಳುತ್ತೇನೆ.