ಹೊಸ .22 ರೈಫಲ್ ದಾರಿಗೆ ಬಂದ ಬಗೆ: ನನ್ನ ಅನುಭವ

ಕಳೆದ ಮಳೆಗಾಲಕ್ಕೆ ಸ್ವಲ್ಪ ಮುನ್ನ ನಾನು ಕೊಂಡ .22 ಬೋಲ್ಟ್ ಆಕ್ಷನ್ ರೈಫಲ್ (ತೋಟೆಯನ್ನು ಒಳತಳ್ಳುವ ಬೋಲ್ಟ್ ಎಂಬ ಅಗುಳಿಯನ್ನು ಪ್ರತಿ ಸಲ ಕೈಯಿಂದ ಎಳೆದು ಹೊಡೆಯುವಂಥದು), 50 ಮೀಟರ್ ದೂರದಲ್ಲಿ ಐದು ಗುಂಡುಗಳನ್ನು ಸುಮಾರು 65 ಮಿಲಿಮೀಟರ್ ಅಗಲಕ್ಕೆ ಚೆಲ್ಲುತ್ತಿತ್ತು. ಹತ್ತು ತೋಟೆ ಹಾಕಿದರೆ ಎರಡು ಮೂರು ಸಿಡಿಯುತ್ತಿರಲಿಲ್ಲ, ಇಲ್ಲವೇ ಚೇಂಬರಿನ (ನಳಿಗೆಯ ಹಿಂಭಾಗದಲ್ಲಿ ತೋಟೆ ಕೂರುವ ಗೂಡಿನ) ಬಾಯಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಅದೇ ನಳಿಗೆ, ಅದೇ ಬೋಲ್ಟ್ ಇಂದು ಐದು ಗುಂಡುಗಳನ್ನು 15 ಮಿಲಿಮೀಟರಿನ ಆಸುಪಾಸಿನಲ್ಲಿ ಇಡುತ್ತಿವೆ, ಸಿಡಿಯದ ತೋಟೆ ತಿಂಗಳಿಗೊಮ್ಮೆ ಕಂಡರೆ ಹೆಚ್ಚು. ನಳಿಗೆ ಬದಲಿಸದೆ ಇದು ಸರಿಹೋಗದು ಎಂದು ಕ್ಲಬ್ಬಿನಲ್ಲಿ ನನಗಿಂತ ಅನುಭವಸ್ಥರಾದ ಹಲವರು ಖಚಿತವಾಗಿ ಹೇಳಿದ್ದರು. ನಮ್ಮ ಒಕ್ಕದ (ಮನೆತನದ) ಹಿರಿಯರೊಬ್ಬರು, "ಇದಕ್ಕೆ ಇನ್ನು ದುಡ್ಡು ಸುರಿಯಬೇಡ ಮಗ, ಬಂದಷ್ಟಕ್ಕೆ ಕೊಟ್ಟುಬಿಡು" ಎಂದಿದ್ದರು. ನಳಿಗೆಯಲ್ಲಿ ದೋಷವೇ ಇರಲಿಲ್ಲ ಎಂಬುದು ಈಗ ಗುರಿಹಲಗೆಯ ಮೇಲೆ ಸಾಬೀತಾಗಿರುವುದರಿಂದ, ಇಂಥದೇ ತೊಂದರೆಯಲ್ಲಿರುವ ಕೊಡಗಿನ ಮತ್ತು ಹೊರಗಿನ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸಿಡಿಯದ ತೋಟೆಯ ವಿಷಯ. ಪರವಾನಗಿ ಇರುವ ಒಬ್ಬ ರಿಪೇರಿಯವರು ನೋಡಿದ ಕೂಡಲೇ, ತೋಟೆಗೆ ಹೊಡೆಯುವ ಪಿನ್ನನ್ನು ಮುನ್ನೂಕುವ ಸ್ಪ್ರಿಂಗ್ ಸೋತಿದೆ ಎಂದು ಹೇಳಿ ಹೊಸದನ್ನು ಹಾಕಿ ಸುಮಾರು 3,000 ರೂಪಾಯಿ ಪಡೆದರು. ಹೊಸ ರೈಫಲಿನ ಸ್ಪ್ರಿಂಗ್ ಇಷ್ಟು ಬೇಗ ಸೋಲುವುದು ಹೇಗೆ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ, ತೊಂದರೆಯೂ ಹಾಗೆಯೇ ಉಳಿಯಿತು. ಆಮೇಲೆ ನಾನು ಸಿಡಿಯದ ತೋಟೆಗಳನ್ನು ಎಸೆಯುವುದನ್ನು ಬಿಟ್ಟು, ಅವುಗಳನ್ನೇ ಸಾಕ್ಷಿಯಾಗಿ ಇಟ್ಟುಕೊಂಡೆ. ಟ್ರಿಗರ್ ಎಳೆದ ಮೇಲೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯುವುದು, ನಂತರ ತೋಟೆಯನ್ನು ಒಳಗೇ ಬಿಟ್ಟು ಬೋಲ್ಟಿನ ಹಿಡಿಯನ್ನಷ್ಟೇ ಎತ್ತಿ ಇಳಿಸಿ, ಅದೇ ಜಾಗಕ್ಕೆ ಇನ್ನೊಮ್ಮೆ ಹೊಡೆಸುವುದು, ಆಗಲೂ ಸಿಡಿಯದಿದ್ದರೆ ಅದನ್ನು ಹೊರತೆಗೆದು ಅರ್ಧ ಸುತ್ತು ತಿರುಗಿಸಿ ಹಾಕುವುದು: ನನ್ನ ಕ್ರಮ ಇಷ್ಟೇ. ರಿಮ್‌ಫೈರ್ ತೋಟೆಯ (ಪಿನ್ ಅಂಚಿಗೆ ಬಡಿದು ಸಿಡಿಸುವ ನನ್ನ .22 ತೋಟೆ ಈ ಬಗೆಯದು) ಸಿಡಿಮದ್ದು ಅಂಚಿನೊಳಗೆ ಸುತ್ತಲೂ ಹರಡಿರುತ್ತದೆ. ಎಲ್ಲಾದರೂ ಒಂದು ಕಡೆ ಮದ್ದು ತಪ್ಪಿದ್ದರೆ ತಿರುಗಿಸಿ ಹಾಕಿದಾಗ ಮಾತ್ರ ಸಿಡಿಯುತ್ತದೆ, ಅಂದರೆ ದೋಷ ತೋಟೆಯದು. ತಿರುಗಿಸದೆ ಎರಡನೇ ಹೊಡೆತಕ್ಕೇ ಸಿಡಿದರೆ, ಮೊದಲ ಹೊಡೆತದ ಶಕ್ತಿ ತೋಟೆಯನ್ನು ಒಳಕ್ಕೆ ತಳ್ಳುವುದರಲ್ಲಿಯೇ ವ್ಯಯವಾಗಿದೆ ಅಥವಾ ಪಿನ್ ಬಲವಾಗಿ ಬಂದಿಲ್ಲ, ಅಂದರೆ ದೋಷ ರೈಫಲಿನದು.

ನನ್ನಲ್ಲಿ ಹೆಚ್ಚಿನವು ತಿರುಗಿಸದೆಯೇ ಸಿಡಿದವು. ಭೂತಗನ್ನಡಿಯಲ್ಲಿ ನೋಡಿದಾಗ ಮೊದಲ ಹೊಡೆತಕ್ಕೆ ಹೋದ ತೋಟೆಗಳ ಅಂಚಿನಲ್ಲಿ ಪಿನ್ನಿನ ಗುರುತು ಚೌಕವಾಗಿ, ಆಳವಾಗಿ ಮೂಡಿತ್ತು. ಸಿಡಿಯದ ತೋಟೆಗಳಲ್ಲಿ ಅದೇ ಗುರುತು ಉಗುರು ತಾಗಿಸಿದಷ್ಟು ಮಾತ್ರ ಇತ್ತು. ಬೋಲ್ಟ್ ಬಿಚ್ಚಿದಾಗ ಪಿನ್ ಓಡಾಡುವ ದಾರಿಯ ತುಂಬ, ಸಾಗಣೆಯಲ್ಲಿ ತುಕ್ಕು ಹಿಡಿಯದಂತೆ ಕಾರ್ಖಾನೆಯಲ್ಲಿ ತುಂಬಿದ ಗಟ್ಟಿ ಗ್ರೀಸ್ ಕುಳಿತಿತ್ತು. ಮಧ್ಯಾಹ್ನದ ಬಿಸಿಲಿಗಿಂತ ಮಳೆಗಾಲದ ಬೆಳಗಿನ ಚಳಿಯಲ್ಲಿ ತೊಂದರೆ ಹೆಚ್ಚಾಗುತ್ತಿದ್ದುದಕ್ಕೂ ಇದೇ ಕಾರಣ. ಪೇಂಟ್ ಅಂಗಡಿಯಲ್ಲಿ ಸಿಗುವ ಟರ್ಪೆಂಟೈನಿನಲ್ಲಿ ಎಲ್ಲವನ್ನೂ ತೊಳೆದು, ಪೂರ್ತಿ ಒಣಗಿಸಿ, ಸೂಜಿಯ ತುದಿಯಿಂದ ಒಂದು ಹನಿ ತೆಳು ಎಣ್ಣೆ ಮುಟ್ಟಿಸಿದೆ. ಖರ್ಚು 100 ರೂಪಾಯಿ ದಾಟಲಿಲ್ಲ. ಚೇಂಬರಿನ ಮುಂಭಾಗದಲ್ಲಿ ಗುಂಡುಗಳಿಗೆ ಲೇಪಿಸಿರುವ ಮೇಣ ಮತ್ತು ಸೀಸದ ಉಂಗುರವೊಂದು ಕಟ್ಟಿಕೊಂಡಿತ್ತು, ಅದನ್ನು ಕಂಚಿನ ಬ್ರಷ್‌ನಿಂದ ತೆಗೆದ ಮೇಲೆ ತೋಟೆ ಬೆರಳಿನ ಒತ್ತಡಕ್ಕೇ ಪೂರ್ತಿ ಕೂರತೊಡಗಿತು.

ಸಿಕ್ಕಿಕೊಳ್ಳುವ ತೊಂದರೆ ಇದರಿಂದ ಅರ್ಧ ಮಾತ್ರ ನಿಂತಿತು. ತೋಟೆ ತುಂಬಿಡುವ ಡಬ್ಬಿಯಾದ ಮ್ಯಾಗಜಿನ್‌ನಿಂದ ಒಂದೊಂದೇ ತೋಟೆಯನ್ನು ಬಹಳ ನಿಧಾನವಾಗಿ ಒಳತಳ್ಳಿ, ಸಿಡಿಸದೆ ಹೊರತೆಗೆದು ನೋಡಿದಾಗ ಗುಂಡಿನ ಮೂತಿಯ ಕೆಳಭಾಗದಲ್ಲಿ ಸೀಸ ಕೆತ್ತಿಹೋಗಿದ್ದುದು ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ಇಡೀ ಪ್ರಯತ್ನಕ್ಕೆ ತಿರುವು ಸಿಕ್ಕಿದ್ದು ಇಲ್ಲಿ. ಇಷ್ಟು ಮೆತ್ತನೆಯ ಸೀಸದ ಗುಂಡು ಒಂದು ಕಡೆ ಕೆತ್ತಿಹೋದರೆ ಅದರ ತೂಕದ ಕೇಂದ್ರವೇ ಪಕ್ಕಕ್ಕೆ ಸರಿಯುತ್ತದೆ. ಹಾಗಿದ್ದ ಮೇಲೆ ಅದು ನೇರ ಹೋಗಲಿಲ್ಲವೆಂದು ನಳಿಗೆಯನ್ನು ದೂರಿ ಪ್ರಯೋಜನವಿಲ್ಲ. ಪರೀಕ್ಷಿಸಲು ಮ್ಯಾಗಜಿನ್ ಬದಿಗಿಟ್ಟು, ಪ್ರತಿ ತೋಟೆಯನ್ನೂ ಕೈಯಿಂದಲೇ ಚೇಂಬರಿಗೆ ಹಾಕಿ ಹೊಡೆದೆ. 65 ಮಿಲಿಮೀಟರ್ ಇದ್ದ ಹರಡು ಒಮ್ಮೆಲೇ 45ಕ್ಕೆ ಇಳಿಯಿತು. ಎರಡು ಬೇರೆ ಬೇರೆ ರೋಗಗಳೆಂದು ಎಲ್ಲರೂ ಭಾವಿಸಿದ್ದರಲ್ಲಿ ಒಂದು ಭಾಗ ಒಂದೇ ರೋಗವಾಗಿತ್ತು.

4,000 ರೂಪಾಯಿಯಷ್ಟು ಕೊಟ್ಟು ತರಿಸಿದ ಎರಡನೇ ಮ್ಯಾಗಜಿನ್ ಕೂಡ ಅದೇ ರೀತಿ ಕೆತ್ತುತ್ತಿತ್ತು. ಕೊನೆಗೆ ಹಳೆಯದರ ತುಟಿಗಳನ್ನೇ (ತೋಟೆಯನ್ನು ಹಿಡಿದಿಡುವ ಮೇಲಿನ ಮಡಿಕೆಗಳನ್ನೇ) ತಿದ್ದಿದೆ. ಗುಂಡಿನ ಮೂತಿ ಚೇಂಬರಿನ ನಡುವಿಗೆ ನೋಡುವಂತಾಗಬೇಕು, ತೋಟೆ ತುಟಿಯಿಂದ ಬಿಡುಗಡೆಯಾಗುವ ಹೊತ್ತಿಗೆ ಅದರ ಅಂಚು ಬೋಲ್ಟಿನ ಮುಖಕ್ಕೆ ಬಂದಿರಬೇಕು ಎಂಬಷ್ಟನ್ನು ಹೇಳಬಲ್ಲೆ. ಎಷ್ಟು ಬಾಗಿಸಿದೆ, ಯಾವ ಅಚ್ಚಿನ ಮೇಲಿಟ್ಟು ಬಾಗಿಸಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಸ್ಪರ್ಧೆಗಳು ಇನ್ನೂ ಮುಂದಿವೆ.

ಉಳಿದ 45 ಮಿಲಿಮೀಟರಿಗಾಗಿ ಎಲ್ಲಕ್ಕಿಂತ ಹೆಚ್ಚು ಹಣ ಹೋಯಿತು. 18,000 ರೂಪಾಯಿಯ ಹತ್ತಿರದ ಹೊಸ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಿದೆ, ಹರಡು ಒಂದು ಕೂದಲಿನಷ್ಟೂ ಕಡಿಮೆಯಾಗಲಿಲ್ಲ. ಆ ಸ್ಕೋಪಿನ ಪ್ಯಾರಲಾಕ್ಸ್ ದೂರದ ಗುರಿಗೆಂದು ಹೊಂದಿಸಿದ್ದಾದ್ದರಿಂದ 50 ಮೀಟರಿನಲ್ಲಿ ಕಣ್ಣು ಸ್ವಲ್ಪ ಸರಿದರೂ ಕ್ರಾಸ್‌ಹೇರ್ (ಒಳಗೆ ಕಾಣುವ ಅಡ್ಡ ಉದ್ದ ಗೆರೆಗಳು) ಗುರಿಯ ಮೇಲೆ ಓಡಾಡುತ್ತಿತ್ತು. ಕೊನೆಗೆ ಅದನ್ನು ಮಾರಿ, 50 ಮೀಟರಿಗೆ ಹೊಂದಿಸಿದ ಹಳೆಯ 4 ಪಟ್ಟಿನ ಸ್ಕೋಪನ್ನೇ ಮರಳಿ ಹಾಕಿದೆ. 11 ಮಿಲಿಮೀಟರ್ ಡವ್‌ಟೇಲ್ ಮೌಂಟನ್ನು (ಸ್ಕೋಪನ್ನು ರೈಫಲಿಗೆ ಹಿಡಿಸುವ ಹಿಡಿಕೆಯನ್ನು) ಎಣ್ಣೆಯ ಪಸೆ ಇಲ್ಲದಂತೆ ಒರೆಸಿ ಬಿಗಿದೆ.

ನಿಜವಾದ ಕಳ್ಳ ಇದ್ದದ್ದು ಮರದಲ್ಲಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ಬಟ್ಟೆ ಕೂಡ ಒಣಗುವುದಿಲ್ಲ. ವಾಲ್ನಟ್ ಸ್ಟಾಕ್ (ನಳಿಗೆ ಕೂರುವ ಮರದ ಹಿಡಿ) ಒಣಗಿ ಕೂರಬೇಕೆಂದರೆ ಹೇಗೆ? ಏಪ್ರಿಲ್‌ನಲ್ಲಿ ನಳಿಗೆ ಮತ್ತು ಸ್ಟಾಕಿನ ನಡುವೆ ಸಲೀಸಾಗಿ ಜಾರುತ್ತಿದ್ದ 100 ರೂಪಾಯಿ ನೋಟು ಜುಲೈ ಹೊತ್ತಿಗೆ ಎಡಗಡೆ, ತುದಿಯಿಂದ ಒಂದು ಗೇಣು ಹಿಂದೆ ಸಿಕ್ಕಿಕೊಳ್ಳುತ್ತಿತ್ತು. ಗುಂಡು ಹಾರಿದಂತೆ ನಳಿಗೆ ಬಿಸಿಯಾಗಿ ಹಿಗ್ಗುತ್ತದೆ, ಒತ್ತುವ ಮರ ಅದನ್ನು ಬಲಕ್ಕೆ ತಳ್ಳುತ್ತದೆ. ಐದು ಗುಂಡುಗಳು ಕ್ರಮವಾಗಿ ಬಲಕ್ಕೆ ನಡೆದುಕೊಂಡು ಹೋದದ್ದು ಕಾಗದದ ಮೇಲೆ ಕಾಣುತ್ತಿತ್ತು. ದುಂಡು ಕೋಲಿಗೆ ಉಪ್ಪು ಕಾಗದ ಸುತ್ತಿ, ನೋಟನ್ನು ನಾಲ್ಕು ಮಡಿಕೆ ಮಾಡಿದರೂ ಓಡಾಡುವಷ್ಟು ಒಳಗಿನ ಕೊರಕಲನ್ನು ಅಗಲಿಸಿದೆ. ಇಷ್ಟಕ್ಕೇ ನಿಲ್ಲಿಸಿದರೆ ಮುಂದಿನ ಮಳೆಗೆ ಮತ್ತೆ ಅದೇ ಕಥೆಯಾಗುವುದರಿಂದ, ಹೊಸದಾಗಿ ತೆರೆದ ಮರಕ್ಕೆ ಪಾಲಿಯುರೆಥೇನ್ ವಾರ್ನಿಷ್‌ನ ಮೂರು ತೆಳು ಲೇಪ ಕೊಟ್ಟೆ. ಹೊರಮೈಗೆ ಹೊಳಪು ಕೊಟ್ಟು ಒಳಮೈಯನ್ನು ಹಾಗೆಯೇ ಬಿಟ್ಟಿರುವ ಸ್ಟಾಕ್‌ಗಳು ನಮ್ಮ ಹವೆಗೆ ಆಗಿಬರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ಟಾಕ್ ಬಿಗಿಯುವ ಎರಡು ಸ್ಕ್ರೂಗಳನ್ನು ಇನ್ನು ಅಂದಾಜಿನಿಂದ ಬಿಗಿಯಬಾರದೆಂದು ತೀರ್ಮಾನಿಸಿ, ಸೈಕಲ್ ರಿಪೇರಿಯವರು ಬಳಸುವ ಚಿಕ್ಕ ಟಾರ್ಕ್ ವ್ರೆಂಚನ್ನು 2,500 ರೂಪಾಯಿಗೆ ಕೊಂಡೆ. 2 ನ್ಯೂಟನ್ ಮೀಟರಿನಲ್ಲಿ ಗುಂಡುಗಳು ಮೇಲೆ ಕೆಳಗೆ ಎಳೆದುಕೊಂಡವು, 3ಕ್ಕೆ ಮತ್ತೆ ಚದುರಿದವು, 2.5ರ ಸುತ್ತಮುತ್ತ ಅತ್ಯಂತ ಚೆನ್ನಾಗಿ ಕೂಡಿದವು. ಮುಂದಿನ ಸ್ಕ್ರೂ ಮತ್ತು ಹಿಂದಿನ ಸ್ಕ್ರೂಗಳಿಗೆ ಒಂದೇ ಬಿಗಿತ ಬೇಕಿಲ್ಲ. ಈ ವ್ಯತ್ಯಾಸವನ್ನು ಅವರವರ ರೈಫಲಿನಲ್ಲೇ ಹುಡುಕಿಕೊಳ್ಳಬೇಕು. ಇಷ್ಟಾದ ಮೇಲೆ ಹರಡು 25 ಮಿಲಿಮೀಟರಿಗೆ ಬಂದು ನಿಂತಿತು.

ಅಲ್ಲಿಂದ ಮುಂದಿನ ದಾರಿ ತೋಟೆಯದು. ಪ್ರತಿ ಪರವಾನಗಿಗೂ ವರ್ಷಕ್ಕೆ ಇಷ್ಟೇ ತೋಟೆ ಎಂಬ ಮಿತಿ ಇರುವಾಗ, ಒಂದಕ್ಕೆ 20ರಿಂದ 35 ರೂಪಾಯಿ ಬೀಳುವಾಗ ಬೇಕಾಬಿಟ್ಟಿ ಪರೀಕ್ಷೆ ಸಾಧ್ಯವಿಲ್ಲ. ಹಾಗಾಗಿ ಕ್ಲಬ್ಬಿನ ಗೆಳೆಯರು ಅಲ್ಲೇ ಬಳಸಲು ಪಡೆದ ತೋಟೆಗಳಲ್ಲಿ ಬಗೆಬಗೆಯವನ್ನು ನನಗೂ ಹೊಡೆಯಲು ಬಿಟ್ಟರು. ಅತಿವೇಗದ ತೋಟೆಗಳನ್ನು ಮೊದಲೇ ಬಿಟ್ಟೆ. ಅವುಗಳ ಗುಂಡು ಸೆಕೆಂಡಿಗೆ 380 ಮೀಟರಿನ ಹತ್ತಿರ ಹೊರಟು, ಗುರಿ ಮುಟ್ಟುವ ಹೊತ್ತಿಗೆ ಶಬ್ದದ ವೇಗವಾದ 340ರ ಆಸುಪಾಸಿಗೆ ಇಳಿಯುತ್ತದೆ. ಆ ಗಡಿಯಲ್ಲಿ ಗುಂಡು ಅಲುಗಾಡುತ್ತದೆ. 40 ಗ್ರೇನ್ (ಸುಮಾರು 2.6 ಗ್ರಾಂ) ಗುಂಡಿನ, 320ರಿಂದ 330ರಲ್ಲಿ ಹೊರಡುವ ಸಾಮಾನ್ಯ ವೇಗದ ತೋಟೆಗಳು ಶುರುವಿನಿಂದಲೇ ಆ ಗಡಿಯ ಕೆಳಗಿರುತ್ತವೆ. ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸಿದಾಗ ಮೊದಲ 15–20 ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಹಳೆಯ ಮೇಣ ಹೋಗಿ ಹೊಸ ಮೇಣ ನಳಿಗೆಗೆ ಹಿಡಿಯಬೇಕು. ಎರಡೇ ಐದರ ಗುಂಪು ಹೊಡೆದು ತೀರ್ಪು ಕೊಡುವವರು ಇದನ್ನು ಗಮನಿಸುವುದೇ ಇಲ್ಲ. ಒಂದೇ ಹೆಸರಿನ, ಒಂದೇ ಬಣ್ಣದ ಎರಡು ಪೆಟ್ಟಿಗೆಗಳಲ್ಲಿ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ಬೇರೆಯಾದ ಕಾರಣಕ್ಕೇ ಒಂದು 16 ಮಿಲಿಮೀಟರ್, ಇನ್ನೊಂದು 28 ಮಿಲಿಮೀಟರ್ ಕೊಟ್ಟದ್ದನ್ನು ಕಂಡ ಮೇಲೆ, ಒಳ್ಳೆಯ ಲಾಟ್ ಸಿಕ್ಕ ದಿನವೇ ಮಿತಿಯೊಳಗೆ ಸಾಧ್ಯವಿದ್ದಷ್ಟನ್ನೂ ಕೊಂಡುಬಿಟ್ಟೆ.

ನಡುವೆ ಒಂದೆರಡು ಬೇರೆ ಪ್ರಯೋಗಗಳೂ ಆದವು. ಆಭರಣದ ಅಂಗಡಿಯ ಗೆಳೆಯರೊಬ್ಬರ ತಕ್ಕಡಿಯಲ್ಲಿ ತೋಟೆಗಳನ್ನು ತೂಗಿ, ಭಾರದ ಪ್ರಕಾರ ಬೇರ್ಪಡಿಸಿ ಹೊಡೆದು ನೋಡಿದೆ. ತೂಕ 3.3 ಗ್ರಾಂ ಸುತ್ತಮುತ್ತ ಕೂದಲೆಳೆಯಷ್ಟು ಹೆಚ್ಚುಕಡಿಮೆಯಿತ್ತು, ಗುರಿಯ ಮೇಲೆ ಮಾತ್ರ ಯಾವ ವ್ಯತ್ಯಾಸವೂ ಕಾಣಲಿಲ್ಲ. ಅಂಚಿನ ದಪ್ಪವನ್ನು ಮೈಕ್ರೋಮೀಟರಿನಿಂದ ಅಳೆದು ವಿಂಗಡಿಸಿದಾಗ, ಅಗ್ಗದ ತೋಟೆಯಲ್ಲಿ ದೂರ ಬೀಳುವ ಒಂಟಿ ಗುಂಡುಗಳು ಕಡಿಮೆಯಾದವು, ಒಳ್ಳೆಯ ಲಾಟಿನಲ್ಲಿ ಏನೂ ಬದಲಾಗಲಿಲ್ಲ. ಆ ಹೊತ್ತನ್ನು ಗಾಳಿ ಓದುವುದಕ್ಕೆ ಕೊಟ್ಟರೆ ಲಾಭ ಹೆಚ್ಚು.

ಶುಚಿಗೊಳಿಸುವ ವಿಷಯದಲ್ಲಿ ನಮ್ಮ ಹಿರಿಯರ ಪದ್ಧತಿಯನ್ನು ಸ್ವಲ್ಪ ಬದಲಿಸಿದ್ದೇನೆ. ಹನ್ನೆರಡು ಬೋರ್ ಕೋವಿಯಂತೆ ಇದರ ನಳಿಗೆಯನ್ನು ಪ್ರತಿ ಸಲವೂ ಉಜ್ಜಿ ಹೊಳೆಯಿಸಿದರೆ ಮುಂದಿನ ಹತ್ತು ಗುಂಡುಗಳು ಎಲ್ಲೆಲ್ಲೋ ಹೋಗುತ್ತವೆ. 50 ತೋಟೆಗೊಮ್ಮೆ ಚೇಂಬರ್ ಮಾತ್ರ ಒರೆಸುತ್ತೇನೆ, ನಳಿಗೆಗೆ 200ರ ಆಸುಪಾಸಿನಲ್ಲಿ ಒಂದೆರಡು ಬಟ್ಟೆ ಚೂರು ಎಳೆಯುತ್ತೇನೆ. ಮಳೆಯ ತಿಂಗಳುಗಳಲ್ಲಿ ತುಕ್ಕಿಗೆ ಹೆದರಿ ಎಣ್ಣೆ ಬಿಡಲೇಬೇಕಾದ್ದರಿಂದ, ಹೊಡೆಯುವ ದಿನ ಬೆಳಿಗ್ಗೆ ಒಣ ಬಟ್ಟೆ ಎಳೆದು, ಸಿದ್ಧತೆಯ ಗುಂಡುಗಳನ್ನು ದಿಬ್ಬಕ್ಕೆ ಹೊಡೆದ ಮೇಲೆಯೇ ಗುರಿಗೆ ಹೋಗುತ್ತೇನೆ.

50 ಮೀಟರ್ ಗುರಿಯ ಹತ್ತರ ವೃತ್ತ 10.4 ಮಿಲಿಮೀಟರ್. ಗೆರೆಯನ್ನು ತಾಗಿದ ಗುಂಡಿಗೂ ಹೆಚ್ಚಿನ ಅಂಕವೇ ಸಿಗುವುದರಿಂದ, ತೂತುಗಳ ನಡುವಿನಿಂದ ನಡುವಿಗೆ ಅಳೆದ 15 ಮಿಲಿಮೀಟರಿನ ಗುಂಪು ಸರಿಯಾಗಿ ಕೇಂದ್ರದಲ್ಲಿ ಕೂತರೆ ಐದೂ ಹತ್ತೇ ಆಗಬಲ್ಲವು. ನನ್ನ ರೈಫಲ್ ಈಗ ಅಷ್ಟನ್ನು ಮಾಡಬಲ್ಲದು, ಗಾಳಿ ನಿಂತ ಬೆಳಿಗ್ಗೆ ಮಾಡಿಯೂ ತೋರಿಸಿದೆ. ಆ ಕಾಗದವನ್ನು ಕ್ಲಬ್ಬಿನ ಗೋಡೆಗೆ ಅಂಟಿಸಿದ್ದೇನೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ತೆಂಗಿನಕಾಯಿ ಸ್ಪರ್ಧೆಯಲ್ಲಿ .22 ವಿಭಾಗಕ್ಕೆ ಇದನ್ನೇ ಒಯ್ದೆ, ಕಾಯಿ ಒಡೆಯಿತು. ರೈಫಲ್ ಮಾರಲು ಹೇಳಿದ್ದ ಹಿರಿಯರು ಕೂಡಲೇ ಬಂದು ಬೋಲ್ಟ್ ಬಿಚ್ಚಿಸಿ ನೋಡಿದರು. ರಿಪೇರಿ, ಮ್ಯಾಗಜಿನ್, ವ್ರೆಂಚ್, ತೋಟೆ, ಸ್ಕೋಪಿನಲ್ಲಿ ಆದ ನಷ್ಟ ಎಲ್ಲ ಸೇರಿ 30,000 ರೂಪಾಯಿಯ ಹತ್ತಿರ ಹೋಗಿದೆ. ಅದರಲ್ಲಿ ಫಲ ಕೊಟ್ಟದ್ದು ವ್ರೆಂಚ್, ವಾರ್ನಿಷ್, ಟರ್ಪೆಂಟೈನ್ ಮತ್ತು ತೋಟೆಗಳಿಗೆ ಹೋದದ್ದು ಮಾತ್ರ. ಟ್ರಿಗರ್ ಇನ್ನೂ ಸ್ವಲ್ಪ ಭಾರವಾಗಿದೆ, ಮುಂದಿನ ಬೇಸಿಗೆಯಲ್ಲಿ ಅದಕ್ಕೆ ಕೈಹಾಕುವವನಿದ್ದೇನೆ.