ಜಪಾನೀಸ್ ಶುರು ಮಾಡ್ತೀರಾ? ಮೊದಲು ಇಂಗ್ಲಿಷ್ ಅಕ್ಷರ ಬಿಡಿ

ಜಪಾನೀಸ್ ಕಲೀತೀನಿ ಅಂತ ಹೊರಟು ಅರ್ಧಕ್ಕೇ ಕೈಬಿಟ್ಟೋರನ್ನ ಕೇಳಿ, ಕಾಂಜಿ, ಅಂದ್ರೆ ಚೀನಾದಿಂದ ಬಂದ ಅಕ್ಷರಗಳು, ಕಷ್ಟ ಅಂತಾರೆ. ಎಷ್ಟೋ ಜನ ಕಾಂಜಿವರೆಗೆ ಹೋಗೇ ಇರಲ್ಲ. ಪದಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರ್ಕೊಂಡು ಉರು ಹೊಡೆದಿರ್ತಾರೆ, ಕೆಟ್ಟಿದ್ದೇ ಅಲ್ಲಿ.

ಮೊದಲು ಹಿರಾಗಾನ, ಉಚ್ಚಾರಣೆ ಬರೆಯೋ ಅವರ ಮೂಲ ಲಿಪಿ. 46 ಅಕ್ಷರ, ದಿನಕ್ಕೊಂದು ಸಾಲು ತಿದ್ದಿದ್ರೆ ಎರಡು ವಾರದೊಳಗೆ ಮುಗಿಯುತ್ತೆ. ಕ, ಸ, ತ, ನ, ಹ, ಮ ಅನ್ನೋ ಅವರ ಕ್ರಮದ ಮೇಲೆ ಸಂಸ್ಕೃತ ವರ್ಣಮಾಲೆಯ ಪ್ರಭಾವ ಇದೆ, ಹಾಗಾಗಿ ನಮಗೆ ಬೇಗ ನಾಟುತ್ತೆ. ಆದ್ರೆ ಕಂಪ್ಯೂಟರ್ ಫಾಂಟ್ ನೋಡ್ಕೊಂಡು ತಿದ್ದಬೇಡಿ. 'ಕಿ', 'ಸ' ಅಕ್ಷರಗಳ ಕೆಳಗಿನ ಡೊಂಕು ಎಷ್ಟೋ ಫಾಂಟಲ್ಲಿ ಅಂಟ್ಕೊಂಡಿರುತ್ತೆ, ಕೈಯಲ್ಲಿ ಬರೆಯುವಾಗ ಸಾಮಾನ್ಯವಾಗಿ ಪೆನ್ ಎತ್ತಿ ಬೇರೆಯಾಗಿ ಬರೀತಾರೆ. ಆನ್‌ಲೈನಲ್ಲಿ ಮಾರೋ ಲ್ಯಾಮಿನೇಟೆಡ್ ಚಾರ್ಟ್‌ಗಳಲ್ಲಿ ಬಹಳಷ್ಟು ಇದೇ ಕಥೆ, ದುಡ್ಡು ದಂಡ.

ಆಮೇಲೆ ಕತಾಕಾನ. ಅದೇ ಉಚ್ಚಾರಣೆ, ಬೇರೆ ಆಕಾರ, ಹೆಚ್ಚಾಗಿ ಹೊರಗಿನ ಪದಗಳಿಗೆ. ಇಲ್ಲಿ 'ಶಿ' ಮತ್ತು 'ತ್ಸು' ಒಂದೇ ಥರ ಕಾಣ್ತವೆ, ಎರಡರಲ್ಲೂ ಎರಡು ಚಿಕ್ಕ ಗೀಟು, ಒಂದು ಉದ್ದ ಗೀಟು. 'ಶಿ'ಗೆ ಚಿಕ್ಕ ಗೀಟುಗಳು ಎಡಗಡೆ ಒಂದರ ಕೆಳಗೊಂದು, ಉದ್ದದ್ದನ್ನ ಕೆಳಗಿಂದ ಮೇಲಕ್ಕೆ ಎಳೀಬೇಕು. 'ತ್ಸು'ಗೆ ಚಿಕ್ಕವು ಮೇಲ್ಗಡೆ ಅಕ್ಕಪಕ್ಕ, ಉದ್ದದ್ದು ಮೇಲಿಂದ ಕೆಳಕ್ಕೆ. ಒಂದೊಂದು ಚಿಕ್ಕ ಗೀಟು ಕಮ್ಮಿ ಮಾಡಿದ್ರೆ 'ನ್' ಮತ್ತು 'ಸೊ', ಅದೇ ದಿಕ್ಕು. ಬರೀ ನೋಡಿ ಕಲಿತ್ರೆ ಈ ನಾಲ್ಕು ಯಾವತ್ತೂ ಕಲಸಿಹೋಗ್ತವೆ, ಕೈಗೆ ದಿಕ್ಕು ಅಭ್ಯಾಸ ಆಗ್ಬೇಕು. ಆಪ್‌ನಲ್ಲಿ ಬೆರಳಿಂದ ಒತ್ತಿ ಒತ್ತಿ ಇದು ಬರಲ್ಲ, ಚೌಕದ ನೋಟ್‌ಬುಕ್ಕೇ ಬೇಕು.

ಮೂರನೇದು ಹ್ರಸ್ವ, ದೀರ್ಘ, ಒತ್ತು, ನಿಜವಾದ ಎಡವಟ್ಟು ಇಲ್ಲೇ ಆಗೋದು. 'ಒಬಸನ್' ಅಂದ್ರೆ ಅತ್ತೆ ಅಥವಾ ಚಿಕ್ಕಮ್ಮ, 'ಒಬಾಸನ್' ಅಂದ್ರೆ ಅಜ್ಜಿ. 'ಕಿತೆ' ಅಂದ್ರೆ ಬಂದು, 'ಕಿತ್ತೆ' ಅಂದ್ರೆ ಅಂಚೆಚೀಟಿ. ತೋಕ್ಯೋದಲ್ಲಿ ಎರಡೂ ಓ ದೀರ್ಘ, ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಅದು ಕಾಣೋದೇ ಇಲ್ಲ. ನಮಗೆ ಎ-ಏ, ಒ-ಓ ಎಲ್ಲ ಇದೆ, ಒತ್ತಕ್ಷರಾನೂ ಇದೆ, ಇಂಥ ಲಿಪಿ ಕೈಯಲ್ಲಿಟ್ಕೊಂಡು ಇಂಗ್ಲಿಷಲ್ಲಿ ಬರ್ಕೊಳ್ಳೋದು ಯಾಕೆ ಅಂತ ನನಗಂತೂ ಅರ್ಥ ಆಗಿಲ್ಲ. ಕಾನಾ, ಅಂದ್ರೆ ಹಿರಾಗಾನ ಕತಾಕಾನ ಎರಡೂ, ಬರೋವರೆಗೆ ಕನ್ನಡದಲ್ಲೇ ಬರ್ಕೊಳ್ಳಿ, ಬಂದಮೇಲೆ ಅದನ್ನೂ ಬಿಡಿ.

ವ್ಯಾಕರಣಕ್ಕೆ ಹೆದರಬೇಡಿ. 'ವತಶಿ ವ ಬೆಂಗರೂರು ನಿ ಇಕಿಮಸು', ನಾನು ಬೆಂಗಳೂರಿಗೆ ಹೋಗ್ತೀನಿ. ನಮ್ಮ 'ಗೆ' ಇರೋ ಜಾಗದಲ್ಲಿ ಅವರ 'ನಿ', ಕ್ರಿಯಾಪದ ಕೊನೇಲಿ, ಅದೂ ನಾನು ಅವಳು ಎಲ್ಲಾರ್ಗೂ ಒಂದೇ. ಆ 'ವ' ಮಾತ್ರ 'ಹ' ಅಕ್ಷರದಲ್ಲಿ ಬರೀತಾರೆ, ನೆನಪಿರ್ಲಿ. ಪಾಠಕ್ಕೆ ಜಪಾನ್ ಫೌಂಡೇಶನ್ ವೆಬ್‌ಸೈಟಲ್ಲಿ ಪಿಡಿಎಫ್, ಆಡಿಯೋ ಫ್ರೀಯಾಗೇ ಸಿಗ್ತವೆ, ಮೂವತ್ತು ದಿನದಲ್ಲಿ ಜಪಾನೀಸ್ ಅನ್ನೋ ಪುಸ್ತಕ ಮುಟ್ಟಬೇಡಿ.

ಕಾಂಜಿ ಕೊನೆಗೆ. ದಿನಬಳಕೆಯ ಸರ್ಕಾರಿ ಪಟ್ಟಿಯಲ್ಲಿ 2136 ಇವೆ, ಜೆಎಲ್‌ಪಿಟಿ ಅನ್ನೋ ಜಪಾನೀಸ್ ಭಾಷಾ ಪರೀಕ್ಷೆಯ ಶುರುವಿನ ಹಂತ ಎನ್5ಗೆ ಸುಮಾರು ನೂರು ಸಾಕು, ಬಿಡಿಬಿಡಿಯಾಗಿ ಬೇಡ, ಪದದ ಜೊತೆಗೇ ಕಲೀರಿ. ಜೆಎಲ್‌ಪಿಟಿ ಬೆಂಗಳೂರಲ್ಲೂ ನಡೆಯುತ್ತೆ. ಅದರಲ್ಲಿ ಮಾತಾಡೋ ಪರೀಕ್ಷೆನೇ ಇಲ್ಲ, ಹಾಗಾಗಿ ಬಿಡದಿ ಕಡೆ ಜಪಾನಿ ಕಂಪನೀಲಿ ಕೆಲಸ ನೋಡ್ತಿರೋರು ಸರ್ಟಿಫಿಕೇಟ್ ಒಂದನ್ನೇ ನಂಬ್ಕೋಬೇಡಿ, ಮಾತಾಡೋಕೆ ವಾರಕ್ಕೊಮ್ಮೆಯಾದ್ರೂ ಯಾರನ್ನಾದ್ರೂ ಹಿಡ್ಕೊಳ್ಳಿ.